ಫೋಟೊ ಆಮೇಲೆ, ಮೊದಲು ಖಾತೆಯ ಹೆಸರು

ನಮ್ಮ ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ಸಣ್ಣ ಸಹಾಯ ನಿಧಿ ಇದೆ. ತಿಂಗಳಿಗೆ ಇಷ್ಟು ಅಂತ ಎಲ್ಲರೂ ಹಾಕುತ್ತಾರೆ. "ನೀನು ಬ್ಯಾಂಕಲ್ಲಿದ್ದವಳು, ನೀನೇ ನೋಡ್ಕೊ" ಎಂದು ಅದರ ಲೆಕ್ಕವನ್ನು ನನ್ನ ತಲೆಗೆ ಕಟ್ಟಿದ್ದಾರೆ. ಯಾರಾದರೂ "ಮಗುವಿನ ಪ್ರಾಣ ಉಳಿಸಿ" ಎಂಬ ಪೋಸ್ಟರ್ ಹಾಕಿದರೆ, ಅದು ನಿಜವೋ ಸುಳ್ಳೋ ಎಂದು ನಾನು ನೋಡಿ ಹೇಳುವ ತನಕ ನಿಧಿಯಿಂದ ದುಡ್ಡು ಹೊರಡುವುದಿಲ್ಲ. ಈ ನೋಡುವ ಕೆಲಸ ಹೇಗೆ ಮಾಡುತ್ತೀರಿ ಎಂದು ಬೇರೆ ಗುಂಪುಗಳವರೂ ಕೇಳುತ್ತಿರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಹೆಚ್ಚಿನವರು ಮಾಡುವುದೇನೆಂದರೆ ಫೋಟೊ ನೋಡಿ ತೀರ್ಮಾನಕ್ಕೆ ಬರುವುದು. ಮೂಗಿಗೆ ಪೈಪು ಹಾಕಿದ ಕೂಸು, ಪಕ್ಕದಲ್ಲಿ ಅಳುವ ತಾಯಿ. ಕರುಳು ಚುರ್ ಅನ್ನದೇ ಇರುತ್ತದೆಯೇ? ಆದರೆ ಫೋಟೊ ಎಲ್ಲಿಂದ ಬೇಕಾದರೂ ತರಬಹುದು, ಕಥೆಯನ್ನು ಯಾರು ಬೇಕಾದರೂ ಬರೆಯಬಹುದು. ಸುಳ್ಳು ಹೇಳುವವನು ಬಚ್ಚಿಡಲು ಆಗದ ಸಂಗತಿ ಒಂದೇ: ದುಡ್ಡು ಯಾವುದೋ ಒಂದು ಖಾತೆಗೆ ಹೋಗಿ ಬೀಳಲೇಬೇಕು. ಹಾಗಾಗಿ ನಾನು ಪೋಸ್ಟರನ್ನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಮೊದಲು ಕ್ಯೂಆರ್ ಕೋಡ್, ಖಾತೆ ಸಂಖ್ಯೆ, ಬ್ಯಾಂಕ್ ಶಾಖೆಯ ಗುರುತಾದ ಐಎಫ್‌ಎಸ್‌ಸಿ. ಕಥೆ ಕೊನೆಗೆ.

ಕ್ಯೂಆರ್ ಸ್ಕ್ಯಾನ್ ಮಾಡಿದ ಮಾತ್ರಕ್ಕೆ ದುಡ್ಡು ಹೋಗುವುದಿಲ್ಲ, ಮೊತ್ತ ಹಾಕಿ ಪಾವತಿಗೆ ಒಪ್ಪಿಗೆ ಕೊಟ್ಟರಷ್ಟೇ ಹೋಗುವುದು. ಆದ್ದರಿಂದ ಹೆದರದೆ ಸ್ಕ್ಯಾನ್ ಮಾಡಿ ಹೆಸರು ನೋಡುತ್ತೇನೆ. ಮೊದಲೆಲ್ಲ ಕೆಲವು ಆ್ಯಪ್‌ಗಳಲ್ಲಿ ಗ್ರಾಹಕ ತಾನೇ ಇಟ್ಟುಕೊಂಡ ಹೆಸರು ಕಾಣುತ್ತಿತ್ತು. 2025ರ ಜೂನ್ ಕೊನೆಯಿಂದ ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕೆಂದು ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ನಿಯಮ ಮಾಡಿದೆ. ನೆಫ್ಟ್ (ಬ್ಯಾಂಕಿನ ಒಂದು ಖಾತೆಯಿಂದ ಇನ್ನೊಂದಕ್ಕೆ ದುಡ್ಡು ಕಳಿಸುವ ವಿಧಾನ) ಮೂಲಕ ಕಳಿಸುವಾಗಲೂ ಅಷ್ಟೆ. ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಇದು: ನೆಫ್ಟ್‌ನಲ್ಲಿ ನೀವು ಹೆಸರು ಏನೇ ಬರೆದರೂ ದುಡ್ಡು ಜಮಾ ಆಗುವುದು ಖಾತೆ ಸಂಖ್ಯೆಯನ್ನು ನೋಡಿಯೇ. ಹೆಸರು ತಾಳೆ ಮಾಡಿ ನೋಡುವ ವ್ಯವಸ್ಥೆಯನ್ನು 2025ರ ಏಪ್ರಿಲ್ 1ರೊಳಗೆ ತನ್ನಿ ಎಂದು ರಿಸರ್ವ್ ಬ್ಯಾಂಕ್ ಹೇಳಿದ ಮೇಲೆ ಈಗ ಕಳಿಸುವ ಮುಂಚೆಯೇ ಹೆಸರು ಕಾಣುತ್ತದೆ. ಪೋಸ್ಟರಿನಲ್ಲಿ ತಾಯಿಯ ಹೆಸರು, ಪರದೆಯಲ್ಲಿ ಯಾವನೋ ಟ್ರೇಡರ್ಸ್ ಎಂದು ಬಂದರೆ ಅಲ್ಲಿಗೆ ಮುಗಿಯಿತು.

ಐಎಫ್‌ಎಸ್‌ಸಿಯಲ್ಲಿ ಹನ್ನೊಂದು ಅಕ್ಷರ. ಮೊದಲ ನಾಲ್ಕು ಬ್ಯಾಂಕಿನ ಗುರುತು, ಐದನೆಯದು ಸೊನ್ನೆ, ಉಳಿದದ್ದು ಶಾಖೆ. ಇದನ್ನು ಹಾಕಿ ಹುಡುಕಿದರೆ ಶಾಖೆ ಯಾವ ಊರಿನದು ಎಂದು ತಿಳಿಯುತ್ತದೆ. ಚಿತ್ರದುರ್ಗದ ಕಡೆಯ ಕೂಲಿ ಕುಟುಂಬ ಅಂತ ಬರೆದಿದ್ದು, ಖಾತೆ ಮಾತ್ರ ನಾಲ್ಕು ರಾಜ್ಯ ದಾಟಿ ಇದ್ದರೆ ಪ್ರಶ್ನೆ ಕೇಳಲೇಬೇಕು. ಇದೊಂದರಿಂದಲೇ ಸುಳ್ಳು ಎಂದು ಹೇಳಲಾಗದು, ವಲಸೆ ಹೋದವರ ಖಾತೆ ದೂರದಲ್ಲಿರುತ್ತದೆ. ಆದರೆ ಹುಡುಗರ ಹೆಸರಿನ ಖಾತೆಗಳನ್ನು ತಿಂಗಳಿಗೆ ಇಷ್ಟು ಎಂದು ಬಾಡಿಗೆಗೆ ಪಡೆದು ಮೋಸಕ್ಕೆ ಬಳಸುವ ದಂಧೆ ದೇಶದ ತುಂಬ ಇದೆ ಎನ್ನುವುದು ನೆನಪಿರಲಿ.

ಒಂದಕ್ಷರದ ಆಟವೂ ಇದೆ. 2020ರ ಮಾರ್ಚ್‌ನಲ್ಲಿ ಪಿಎಂ ಕೇರ್ಸ್ ನಿಧಿ ಶುರುವಾದ ಬೆನ್ನಿಗೇ, ಅದರ ಯುಪಿಐ ಐಡಿಯಲ್ಲಿ ಕೇರ್ಸ್‌ನ ಕೊನೆಯ 'ಎಸ್' ಬಿಟ್ಟು ಇನ್ನೊಂದು ಐಡಿ ಹುಟ್ಟಿಕೊಂಡಿತ್ತು. ಸರ್ಕಾರವೇ ಅದು ನಕಲಿ ಎಂದು ಎಚ್ಚರಿಸಬೇಕಾಯಿತು. ವಯನಾಡಿನಲ್ಲಿ 2024ರ ಜುಲೈ 30ರಂದು ಗುಡ್ಡ ಕುಸಿದಾಗ ಕೇರಳ ಸರ್ಕಾರ ದುರುಪಯೋಗದ ಭಯಕ್ಕೆ ಮುಖ್ಯಮಂತ್ರಿ ಪರಿಹಾರ ನಿಧಿಯ ಕ್ಯೂಆರ್ ಕೋಡನ್ನೇ ವಾಪಸ್ ತೆಗೆದುಕೊಂಡಿತು. ನೆರೆ, ಭೂಕುಸಿತ, ರೈಲು ಅಪಘಾತ ಅಂದರೆ ನಮ್ಮ ಗುಂಪಿನ ನಿಯಮ ಸರಳ: ಫಾರ್ವರ್ಡ್ ಆಗಿ ಬಂದ ಕೋಡಿಗೆ ಕಳಿಸುವುದಿಲ್ಲ, ಸರ್ಕಾರದ ಜಾಲತಾಣವನ್ನು ನಾವೇ ಟೈಪ್ ಮಾಡಿ ತೆರೆದು ಅಲ್ಲಿಂದ ಕಳಿಸುತ್ತೇವೆ.

ಇನ್ನು ಕಾಯಿಲೆಯ ಮನವಿಗಳು. ನನ್ನ ಸಮಯವೆಲ್ಲ ಹೋಗುವುದು ಇಲ್ಲೇ.

ಗುಂಪಿಗೆ ಒಂದು ಪೋಸ್ಟರ್ ಬಂತು. ಹೃದಯದಲ್ಲಿ ತೂತಿರುವ ಮಗು, ಬೆಂಗಳೂರಿನ ಆಸ್ಪತ್ರೆಯ ಹೆಸರು, ಮೇಲೆ ಜನರಿಂದ ಹಣ ಕೂಡಿಸುವ ಒಂದು ಪ್ರಸಿದ್ಧ ತಾಣದ ಲೋಗೊ. ಗೂಗಲ್ ಲೆನ್ಸ್‌ನಲ್ಲಿ ಮಗುವಿನ ಮುಖವಷ್ಟನ್ನೇ ಕತ್ತರಿಸಿ ಹಾಕಿದೆ. (ಇಡೀ ಪೋಸ್ಟರ್ ಹಾಕಿದರೆ ಅಕ್ಷರಗಳನ್ನು ಹುಡುಕುತ್ತಾ ಕೂರುತ್ತದೆ, ಮುಖ ಸಿಗುವುದಿಲ್ಲ.) ಅದೇ ಫೋಟೊ ಆ ತಾಣದ ಮೂಲ ಪುಟದಲ್ಲಿ ಸಿಕ್ಕಿತು. ಆ ಮನವಿ ನಿಜವೇ ಆಗಿತ್ತು, ಆದರೆ ಯಾವತ್ತೋ ಮುಗಿದುಹೋಗಿತ್ತು. ಅದರಲ್ಲಿದ್ದ ಊರು ಬೇರೆ, ಮಗುವಿನ ಹೆಸರು ಬೇರೆ. ನಮಗೆ ಬಂದ ಪೋಸ್ಟರಿನಲ್ಲಿ ಕ್ಯೂಆರ್ ಇದ್ದ ಜಾಗದ ಬಿಳಿ ಸುತ್ತಲಿನ ಬಿಳಿಗಿಂತ ಸ್ವಲ್ಪ ಮಾಸಲು. ಮೇಲೆ ತೇಪೆ ಹಾಕಿದ್ದು ಹಿಗ್ಗಿಸಿ ನೋಡಿದರೆ ಕಾಣುತ್ತಿತ್ತು.

ಆದರೂ ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದೆ. ಒಬ್ಬ ಗಂಡಸು ಎತ್ತಿದ.

"ಮೇಡಂ, ಮಗು ಐಸಿಯುನಲ್ಲಿದೆ. ಇವತ್ತು ಸಾಯಂಕಾಲದೊಳಗೆ ಕಟ್ಟಲಿಲ್ಲ ಅಂದ್ರೆ ಆಪರೇಷನ್ ಮಾಡಲ್ಲ ಅಂತಿದ್ದಾರೆ."

"ಆಯ್ತಪ್ಪ, ಮಗುವಿನ ಯುಎಚ್‌ಐಡಿ ನಂಬರ್ ಹೇಳಿ. ನಮ್ಮವರೊಬ್ಬರು ಹೋಗಿ ಕೌಂಟರಿನಲ್ಲೇ ಕಟ್ತಾರೆ."

ಒಂದು ಕ್ಷಣ ಮಾತಿಲ್ಲ. "ಅಲ್ಲಿ ಕಟ್ಟಿಸ್ಕೊಳ್ಳಲ್ಲ ಮೇಡಂ. ಇಂಜೆಕ್ಷನ್ ಹೊರಗಡೆಯಿಂದ ತರಬೇಕು, ನಮಗೇ ಹಾಕ್ಬಿಡಿ."

"ಚೀಟಿ ಕಳಿಸಿ, ಔಷಧಿ ಅಂಗಡಿಗೇ ಹಾಕ್ತೀವಿ" ಎಂದೆ. ಫೋನ್ ಇಟ್ಟ. ಆಮೇಲೆ ನನ್ನ ನಂಬರನ್ನು ಬ್ಲಾಕ್ ಮಾಡಿದ.

ಯುಎಚ್‌ಐಡಿ ಅಂದರೆ ದೊಡ್ಡ ಆಸ್ಪತ್ರೆಗಳು ರೋಗಿಗೆ ಕೊಡುವ ಗುರುತಿನ ಸಂಖ್ಯೆ. ಕೆಲವು ಕಡೆ ಎಂಆರ್‌ಡಿ ನಂಬರ್ ಅಂತಾರೆ. ರೋಗಿಯ ಜೊತೆ ಇರುವವರಿಗೆ ಇದು ಬಾಯಿಪಾಠವಾಗಿರುತ್ತದೆ. ಏಕೆಂದರೆ ಲ್ಯಾಬಿಗೆ ಹೋದರೂ ಔಷಧಿಗೆ ಹೋದರೂ ಮೊದಲು ಕೇಳುವುದು ಅದನ್ನೇ. ಆ ಸಂಖ್ಯೆ ಕೈಗೆ ಬಂದ ಮೇಲೆ ನಾನು ಆಸ್ಪತ್ರೆಗೆ ಫೋನ್ ಮಾಡುತ್ತೇನೆ. ಪೋಸ್ಟರಿನಲ್ಲಿ 'ಡಾಕ್ಟರ ನಂಬರ್' ಎಂದು ಕೊಟ್ಟಿದ್ದಕ್ಕಲ್ಲ, ಆಸ್ಪತ್ರೆಯ ಜಾಲತಾಣದಲ್ಲಿರುವ ಸ್ಥಿರ ದೂರವಾಣಿಗೆ. ಅಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತರು ಇರುತ್ತಾರೆ, ಅವರನ್ನು ಕೇಳುತ್ತೇನೆ. ರೋಗಿಯ ಕಾಯಿಲೆಯ ವಿವರ ಅವರು ಹೇಳುವುದಿಲ್ಲ, ಹೇಳಲೂಬಾರದು. "ಈ ನಂಬರಿನ ರೋಗಿಯ ಬಿಲ್ಲಿಗೆ ನೇರವಾಗಿ ದುಡ್ಡು ಕಟ್ಟಬಹುದೇ?" ಎಂದು ಕೇಳಿದರೆ ಸಾಕು. ಉತ್ತರದಲ್ಲೇ ನಮಗೆ ಬೇಕಾದ್ದು ಇರುತ್ತದೆ.

ನಾನು ಕೇಳುವ ಇನ್ನೊಂದು ಪ್ರಶ್ನೆ ರೇಷನ್ ಕಾರ್ಡಿನದು. ನಮ್ಮ ರಾಜ್ಯದಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. "ಕಾರ್ಡ್ ತೋರಿಸಿದ್ರಾ? ಆರೋಗ್ಯ ಮಿತ್ರ ಏನಂದ್ರು?" (ಆಸ್ಪತ್ರೆಯಲ್ಲಿ ಈ ಯೋಜನೆಗೆ ನೆರವಾಗುವವರು ಆರೋಗ್ಯ ಮಿತ್ರರು) ಎಂದು ಕೇಳಿದರೆ ನಿಜವಾದ ತಂದೆತಾಯಿ ಅರ್ಧ ಗಂಟೆ ಮಾತಾಡುತ್ತಾರೆ. ಯಾವ ಕೌಂಟರಿಗೆ ಕಳಿಸಿದರು, ಯಾವ ಕಾಗದ ಇಲ್ಲವೆಂದರು, ಯಾವ ಚಿಕಿತ್ಸೆ ಪಟ್ಟಿಯಲ್ಲಿಲ್ಲ, ರೆಫರಲ್ ಚೀಟಿಗೆ ಎಷ್ಟು ಓಡಾಡಿದರು, ಎಲ್ಲ ಹೇಳುತ್ತಾರೆ. ಆ ಅಲೆದಾಟದ ಸಿಟ್ಟು ದನಿಯಲ್ಲೇ ಇರುತ್ತದೆ. ಮೋಸಗಾರನಿಗೆ ಆ ಸಿಟ್ಟು ಬರುವುದಿಲ್ಲ. ಅವನದು ಒಂದೇ ರಾಗ, ಬೇಗ ಹಾಕಿ ಅನ್ನುವುದು. ಈ ಪ್ರಶ್ನೆಯಿಂದ ಇನ್ನೊಂದು ಲಾಭವೂ ಆಗಿದೆ. ಯೋಜನೆಯ ಬಗ್ಗೆ ಗೊತ್ತೇ ಇಲ್ಲದೆ ಸಾಲಕ್ಕೆ ಕೈಹಾಕಿದ್ದವರಿಗೆ ನಮ್ಮ ದುಡ್ಡಿನ ಅಗತ್ಯವೇ ಬೀಳದಂತೆ ಆದದ್ದುಂಟು.

ಒಂದು ತಪ್ಪು ಕಲ್ಪನೆಯನ್ನು ಇಲ್ಲಿ ಹೇಳಲೇಬೇಕು. ಕಾಗುಣಿತ ತಪ್ಪಿದ್ದರೆ, ಪೋಸ್ಟರ್ ಒರಟಾಗಿದ್ದರೆ ಸುಳ್ಳು ಎಂದು ಎಲ್ಲ ಕಡೆ ಹೇಳುತ್ತಾರೆ. ನನಗೆ ಕಂಡಿರುವುದು ಉಲ್ಟಾ. ಗೆರೆ ಹಾಳೆಯ ಮೇಲೆ ನೀಲಿ ಪೆನ್ನಿನಲ್ಲಿ ಬರೆದು, ಫೋಟೊ ತೆಗೆದು ಕಳಿಸಿದ ಒಂದು ಮನವಿಯನ್ನು ಗುಂಪಿನಲ್ಲಿ ಅನೇಕರು ಮೊದಲ ನೋಟಕ್ಕೇ ತಳ್ಳಿಹಾಕಿದ್ದರು. ಆಟೊ ಓಡಿಸುವ ತಂದೆ, ಅವರದೇ ಸ್ವಂತ ಖಾತೆ, ಒತ್ತಕ್ಷರ ಅರ್ಧಕ್ಕರ್ಧ ಇಲ್ಲ. ಖಾತೆಯ ಹೆಸರು, ಆಧಾರಿನ ಹೆಸರು, ಆಸ್ಪತ್ರೆ ಚೀಟಿಯಲ್ಲಿ 'ತಂದೆಯ ಹೆಸರು' ಎಂದಿರುವಲ್ಲಿನ ಹೆಸರು, ಮೂರೂ ತಾಳೆಯಾದವು. ಬಿಲ್ಲಿಗೆ ಕಟ್ಟಿದೆವು. ಕಷ್ಟದಲ್ಲಿರುವವನಿಗೆ ಡಿಸೈನ್ ಮಾಡಿಸಲು ಪುರುಸೊತ್ತು ಎಲ್ಲಿಂದ ಬರಬೇಕು? ಕಣ್ಣಿಗೆ ಹೊಡೆಯುವ ಬಣ್ಣ, ಕಣ್ಣೀರು ತರಿಸುವ ಹಿನ್ನೆಲೆ ಸಂಗೀತ ಇರುವ ಇನ್‌ಸ್ಟಾಗ್ರಾಂ ರೀಲ್ ಕಂಡಾಗಲೇ ನಾನು ಕನ್ನಡಕ ಹಾಕಿಕೊಳ್ಳುವುದು.

ಟ್ರಸ್ಟ್, ಫೌಂಡೇಶನ್ ಹೆಸರಿನಲ್ಲಿ ಬಂದರೆ ಪ್ಯಾನ್ ಸಂಖ್ಯೆ ಕೇಳುತ್ತೇನೆ. ಅದರ ನಾಲ್ಕನೇ ಅಕ್ಷರ 'ಪಿ' ಇದ್ದರೆ ಅದು ವ್ಯಕ್ತಿಯ ಪ್ಯಾನ್, 'ಟಿ' ಇದ್ದರೆ ಟ್ರಸ್ಟಿನದು, 'ಸಿ' ಇದ್ದರೆ ಕಂಪನಿಯದು. ರಸೀದಿಯಲ್ಲಿ ಟ್ರಸ್ಟಿನ ಹೆಸರು ದಪ್ಪಕ್ಷರದಲ್ಲಿದ್ದು ಪ್ಯಾನ್ ಮಾತ್ರ ಅಧ್ಯಕ್ಷರ ಸ್ವಂತದ್ದಾಗಿರುವುದನ್ನು ಕಂಡಿದ್ದೇನೆ. ಕೊಟ್ಟ ದಾನಕ್ಕೆ ತೆರಿಗೆ ವಿನಾಯಿತಿ (80ಜಿ ಎಂದು ಹೆಸರಾದದ್ದು) ಇದೆ ಎನ್ನುತ್ತಾರೆ, ಆದರೆ ವ್ಯಕ್ತಿಯ ಖಾತೆಗೆ ಹಾಕಿದ ದುಡ್ಡಿಗೆ ಆ ವಿನಾಯಿತಿ ಎಲ್ಲಿಯದು? ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೂ ಇಲ್ಲ. ನೋಂದಾಯಿತ ಸಂಸ್ಥೆಗಳ ಪಟ್ಟಿ ಆದಾಯ ತೆರಿಗೆ ಇಲಾಖೆಯ ತಾಣದಲ್ಲೂ ನೀತಿ ಆಯೋಗದ ಎನ್‌ಜಿಒ ದರ್ಪಣ್‌ನಲ್ಲೂ ಸಿಗುತ್ತದೆ. ದರ್ಪಣ್‌ನಲ್ಲಿ ಹೆಸರಿದ್ದ ಮಾತ್ರಕ್ಕೆ ಸಾಚಾ ಅಂತಲ್ಲ, ಆದರೆ ಎಲ್ಲೂ ಹೆಸರಿಲ್ಲದವರ ಜೊತೆ ಮಾತು ಮುಂದುವರಿಸುವ ಅಗತ್ಯವಿಲ್ಲ.

ದುಡ್ಡು ಕೇಳದ ಸುಳ್ಳುಗಳೂ ಇವೆ. "ಈ ಫೋಟೊ ಶೇರ್ ಮಾಡಿದರೆ ಪ್ರತಿ ಶೇರಿಗೆ ಇಷ್ಟು ಪೈಸೆ ಕೊಡುತ್ತಾರೆ" ಎಂಬುದು ಹಳೇ ಬುರುಡೆ. ವಾಟ್ಸಾಪ್ ಸಂದೇಶಗಳು ಗೂಢಲಿಪಿಯಲ್ಲಿ ಹೋಗುತ್ತವೆ, ಯಾರು ಎಷ್ಟು ಶೇರ್ ಮಾಡಿದರು ಎಂದು ದುಡ್ಡು ಎಣಿಸಿ ಕೊಡುವವರು ಯಾರೂ ಇಲ್ಲ. ಅಪಘಾತದಲ್ಲಿ ಮಿದುಳು ನಿಷ್ಕ್ರಿಯವಾದ ದಂಪತಿಯ ನಾಲ್ಕು ಕಿಡ್ನಿ ಲಭ್ಯವಿವೆ, ಬೇಕಾದವರು ಫೋನ್ ಮಾಡಿ ಎಂಬುದೂ ವರ್ಷಗಳಿಂದ ಸುತ್ತುತ್ತಿದೆ. ಅಂಗಾಂಗ ಕಸಿಗೆ 1994ರಿಂದ ಕಾಯ್ದೆ ಇದೆ. ಮೃತರ ಅಂಗಾಂಗ ಯಾರಿಗೆ ಎನ್ನುವುದು ಕರ್ನಾಟಕದಲ್ಲಿ ಅಂಗಾಂಗ ಹಂಚಿಕೆ ನೋಡಿಕೊಳ್ಳುವ ಜೀವಸಾರ್ಥಕತೆ ಸಂಸ್ಥೆಯ ಕಾಯುವ ಪಟ್ಟಿಯ ಮೂಲಕ ತೀರ್ಮಾನವಾಗುತ್ತದೆ. ವಾಟ್ಸಾಪಿನಲ್ಲಿ ಕಿಡ್ನಿ ಹಂಚುವುದಿಲ್ಲ. ಡಯಾಲಿಸಿಸ್‌ನಲ್ಲಿರುವವರ ಮನೆಯವರು ಇಂಥದ್ದನ್ನು ನಂಬಿ ಫೋನ್ ಹಚ್ಚುತ್ತಾರಲ್ಲ, ಅದು ನನಗೆ ಸಹಿಸಲಾಗದ ಸಂಗತಿ. ಮದುವೆ ಮನೆಯಲ್ಲಿ ಊಟ ಮಿಕ್ಕಿದರೆ 1098ಕ್ಕೆ ಕರೆ ಮಾಡಿ ಎಂಬುದಂತೂ ಇನ್ನೂ ಕೆಟ್ಟದ್ದು. ಅದು ಕಷ್ಟದಲ್ಲಿರುವ ಮಕ್ಕಳ ಸಹಾಯವಾಣಿ. ತಾವು ಊಟ ಒಯ್ಯುವುದಿಲ್ಲ ಎಂದು ಆಗ ಅದನ್ನು ನಡೆಸುತ್ತಿದ್ದ ಚೈಲ್ಡ್‌ಲೈನ್‌ನವರು ಸ್ಪಷ್ಟನೆ ಕೊಟ್ಟಮೇಲೂ ಆ ಸಂದೇಶ ಸಾಯಲಿಲ್ಲ.

ಮೋಸಕ್ಕಿಂತ ನನಗೆ ಹೆಚ್ಚು ಸಿಗುವುದು ಹಳಸಿದ ಸತ್ಯ. ಮನವಿ ನಿಜ, ಕುಟುಂಬ ನಿಜ, ತಾರೀಖು ಮಾತ್ರ ಇಲ್ಲ. "ತುರ್ತಾಗಿ ಬಿ ನೆಗೆಟಿವ್ ರಕ್ತ ಬೇಕು" ಎಂಬ ಸಂದೇಶ ವರ್ಷಗಟ್ಟಲೆ ತಿರುಗುತ್ತದೆ. ವಾಟ್ಸಾಪಿನಲ್ಲಿ ಸಂದೇಶದ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಐದು ಅಥವಾ ಹೆಚ್ಚು ಕೈ ದಾಟಿ ಬಂದದ್ದು ಎಂದರ್ಥ. 'ಇವತ್ತು' ಎಂದರೆ ಯಾವತ್ತು ಎಂದು ಕಳಿಸಿದವರಿಗೂ ಗೊತ್ತಿರುವುದಿಲ್ಲ. ಒಮ್ಮೆ ಇಂಥ ನಂಬರಿಗೆ ಕರೆ ಮಾಡಿದಾಗ ಒಬ್ಬ ಹೆಂಗಸು, "ನಮ್ಮ ಪಾಪು ಹೋಗಿ ವರ್ಷದ ಮೇಲಾಯ್ತಕ್ಕ, ಇನ್ನೂ ಫೋನ್ ಬರ್ತಾನೇ ಇರ್ತವೆ" ಎಂದರು. ಅಂದಿನಿಂದ ನಮ್ಮ ಗುಂಪಿನಿಂದ ಹೊರಡುವ ಮನವಿಗೆ ಬರೆದ ದಿನ, ಯಾವ ದಿನದವರೆಗೆ ಅನ್ವಯ ಎಂಬ ಎರಡೂ ತಾರೀಖು ಚಿತ್ರದ ಮೇಲೇ ಇರುತ್ತವೆ. ಅಗತ್ಯ ಮುಗಿದರೆ 'ಮುಗಿದಿದೆ' ಎಂದು ಇನ್ನೊಂದು ಸಂದೇಶ ಹೋಗುತ್ತದೆ.

ಸುಳ್ಳು ಎಂದು ಖಚಿತವಾದರೆ ಆ ಪೋಸ್ಟರನ್ನು ಮತ್ತೆ ಹಂಚುವುದಿಲ್ಲ, ಮೇಲೆ ಕೆಂಪಕ್ಷರದಲ್ಲಿ 'ನಕಲಿ' ಎಂದು ಬರೆದೂ ಹಂಚುವುದಿಲ್ಲ. ಕತ್ತರಿಸಿ ಮತ್ತೆ ಬಿಡುವವರಿದ್ದಾರೆ. ಸ್ಕ್ರೀನ್‌ಶಾಟ್, ಯುಪಿಐ ಐಡಿ, ಫೋನ್ ನಂಬರ್ ಸಮೇತ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿಗೆ ಹಾಕುತ್ತೇನೆ. ದುಡ್ಡು ಈಗಾಗಲೇ ಹೋಗಿದ್ದರೆ ಕಳಿಸಿದವರೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಬೇಕು. ದುಡ್ಡು ಇನ್ನೊಂದು ಖಾತೆಗೆ ಜಿಗಿಯುವ ಮೊದಲು ತಡೆಹಿಡಿಯಲು ಸಾಧ್ಯವಾಗುವುದು ಆಗ ಮಾತ್ರ. ನೂರು ರೂಪಾಯಿಗೆಲ್ಲ ಯಾರು ದೂರು ಕೊಡುತ್ತಾರೆ ಎಂದು ಸುಮ್ಮನಾಗುವವರೇ ಹೆಚ್ಚು. ಈ ದಂಧೆ ನಡೆಯುವುದೂ ಆ ನೂರರ ಮೇಲೆಯೇ.

ನಮ್ಮ ಗುಂಪಿನಲ್ಲಿ ಒಬ್ಬ ಗೆಳೆಯನ ತಕರಾರು ಇನ್ನೂ ಇದೆ. ನೀನು ಎರಡು ದಿನ ತಾಳೆ ನೋಡುತ್ತಾ ಕೂತರೆ ಐಸಿಯುನಲ್ಲಿರುವವನು ಕಾಯುತ್ತಾನಾ ಎನ್ನುತ್ತಾನೆ. ಅವನ ಮಾತು ಸುಳ್ಳಲ್ಲ. ಅದಕ್ಕೆ ಈಗ ಯುಎಚ್‌ಐಡಿ ಸಿಕ್ಕಿ, ಆಸ್ಪತ್ರೆಯವರು ಹೌದು ಎಂದ ಕೂಡಲೇ ಅದೇ ದಿನ ಒಂದು ಸಣ್ಣ ಮೊತ್ತವನ್ನು ರೋಗಿಯ ಬಿಲ್ಲಿಗೆ ಮುಂಗಡವಾಗಿ ಕಟ್ಟುತ್ತೇವೆ. ಉಳಿದ ತಾಳೆ ಆಮೇಲೆ. ಇಷ್ಟಕ್ಕೂ ಅವನು ಪೂರ್ತಿ ಒಪ್ಪಿಲ್ಲ.