ಹಿಂಬದಿಯ ಶಾಕ್ ಅಬ್ಸಾರ್ಬರ್ ಬದಲಿಸಿದ ನನ್ನ ಅನುಭವ

15 ವರ್ಷ ಹಳೆಯದಾದ ನಮ್ಮ ಕಾರು ರಸ್ತೆಯ ಉಬ್ಬು ದಾಟುವಾಗಲೆಲ್ಲ ಹಿಂಬದಿಯಿಂದ ಟಕ್ ಟಕ್ ಎಂದು ಸದ್ದು ಮಾಡುತ್ತಿತ್ತು. ಡಿಕ್ಕಿಯ ಮೂಲೆಯನ್ನು ಕೈಯಿಂದ ಒತ್ತಿ ಬಿಟ್ಟಾಗ ಅದು ಒಂದೇ ಸಲಕ್ಕೆ ನಿಲ್ಲದೆ ಮೂರ್ನಾಲ್ಕು ಬಾರಿ ಕುಣಿಯಿತು. ಕೆಳಗೆ ಬಗ್ಗಿ ನೋಡಿದರೆ, ಸ್ಪ್ರಿಂಗ್ ಕುಣಿಯುವುದನ್ನು ತಡೆಯುವ ಎಣ್ಣೆ ತುಂಬಿದ ಕೊಳವೆಯಾದ ಎಡಗಡೆಯ ಶಾಕ್ ಅಬ್ಸಾರ್ಬರ್‌ನ ಮೈಮೇಲೆ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿತ್ತು, ಕೆಳತುದಿಯ ರಬ್ಬರ್ ಬುಷ್ (ಬೋಲ್ಟ್ ಹಾಯುವ ಮೆತ್ತನೆಯ ಬಳೆ) ಬಿರುಕುಬಿಟ್ಟು ಅದರ ದುಂಡನೆಯ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಒಂದೇ ಕಡೆ ಬದಲಿಸಿದರೆ ಎರಡು ಬದಿಗಳ ಹಿಡಿತದಲ್ಲಿ ವ್ಯತ್ಯಾಸವಾಗುವುದರಿಂದ ಜೋಡಿಯನ್ನೇ ತರಿಸಿದೆ.

ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಸಡಿಲಿಸುವ ಎಣ್ಣೆ ಸಿಂಪಡಿಸಿಟ್ಟಿದ್ದೆ. ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಹಿಂಭಾಗವನ್ನು ಎತ್ತಿ, ಜ್ಯಾಕ್ ಒಂದನ್ನೇ ನಂಬದೆ ಎರಡೂ ಬದಿಗೆ ಸ್ಟ್ಯಾಂಡ್ ನಿಲ್ಲಿಸಿದೆ. ಚಕ್ರ ಬಿಚ್ಚಿದ ಮೇಲೆ, ಹಿಂದಿನ ಎರಡೂ ಚಕ್ರಗಳನ್ನು ಹಿಡಿದಿಡುವ ಅಡ್ಡದಂಡವಾದ ಆಕ್ಸಲ್‌ನ ಕೆಳಗೆ ಇನ್ನೊಂದು ಜ್ಯಾಕ್ ಆನಿಸಲೇಬೇಕಿತ್ತು, ಏಕೆಂದರೆ ನಮ್ಮ ಕಾರಿನಂಥ ವಿನ್ಯಾಸದಲ್ಲಿ ಆಕ್ಸಲ್ ತೀರಾ ಕೆಳಗೆ ಇಳಿಯದಂತೆ ತಡೆಯುವುದು ಶಾಕ್ ಅಬ್ಸಾರ್ಬರೇ. ಅದು ಕಳಚಿದೊಡನೆ ಆಕ್ಸಲ್ ಕುಸಿದು ಬ್ರೇಕ್ ಎಣ್ಣೆಯ ಕೊಳವೆ (ಬ್ರೇಕ್ ಹೋಸ್) ಜಗ್ಗಬಹುದು, ಸ್ಪ್ರಿಂಗ್ ತನ್ನ ಜಾಗದಿಂದ ಕಳಚಿ ಬೀಳಬಹುದು.

ಹೊಸದನ್ನು ಜೋಡಿಸುವಾಗ ನಾನು ಮೊದಲು ತಪ್ಪಿದೆ: ಆಕ್ಸಲ್ ಕೆಳಗಿಳಿದಿದ್ದಾಗಲೇ ಕೆಳಗಿನ ಬೋಲ್ಟನ್ನು ಪೂರ್ತಿ ಬಿಗಿದುಬಿಟ್ಟೆ. ಹಾಗೆ ಬಿಗಿದರೆ ಕಾರು ನೆಲಕ್ಕಿಳಿದ ಮೇಲೆ ಬುಷ್‌ನ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಆದ್ದರಿಂದ ಮತ್ತೆ ಸಡಿಲಿಸಿ, ಕಾರು ತನ್ನ ಭಾರದಲ್ಲಿ ನಿಂತಾಗ ಇರುವ ಎತ್ತರಕ್ಕೆ ಆಕ್ಸಲನ್ನು ಜ್ಯಾಕ್‌ನಿಂದ ಎತ್ತಿ, ಕೈಪಿಡಿಯಲ್ಲಿ ಕೊಟ್ಟ ಅಳತೆಗೆ, ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ವ್ರೆಂಚ್‌ನಿಂದ ಬಿಗಿದೆ.

ಬಲಗಡೆಯ ಕೆಲಸ ಬೇಗನೆ ಮುಗಿಯಿತು. ಈಗ ಉಬ್ಬು ದಾಟಿದರೆ ಟೈರಿನ ಸದ್ದು ಮಾತ್ರ ಕೇಳುತ್ತದೆ.