ದೊಡ್ಡ ಪ್ರೈಮ್ ನಂಬರನ್ನು ಭಾಗಿಸದೇ ಪರೀಕ್ಷೆ ಮಾಡುವುದು ಹೇಗೆ?

ಡೊಂಬಿವಲಿಯಿಂದ ಮುಂಬೈನ ಸಿಎಸ್‌ಎಂಟಿ ನಿಲ್ದಾಣಕ್ಕೆ ಸ್ಲೋ ಲೋಕಲ್ ರೈಲಿನಲ್ಲಿ ಕೂರಲು ಜಾಗ ಸಿಕ್ಕರೆ ಸಾಕು, ಇಳಿಯುವಷ್ಟರಲ್ಲಿ ಈ ಲೆಕ್ಕ ನಿಮ್ಮದಾಗುತ್ತದೆ. ಅಕ್ಕನ ಮಗಳಿಗೆ ನಾನು ಹೇಳಿಕೊಟ್ಟಿದ್ದು ಅಲ್ಲೇ. 2024ರ ಅಕ್ಟೋಬರ್‌ನಲ್ಲಿ ಸಿಕ್ಕ ದೊಡ್ಡ ಪ್ರೈಮ್ (1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆ) ಬಗ್ಗೆ ಅವಳಿಗೆ ಹೇಳುತ್ತಿದ್ದೆ. 13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ (ಈ ಎಣಿಕೆಯೇ ಘಾತ), ಬಂದದ್ದರಿಂದ 1 ಕಳೆಯಬೇಕು. ಬರುವ ಸಂಖ್ಯೆಯಲ್ಲಿ 4,10,24,320 ಅಂಕಿಗಳು. "ಮಾಮಾ, ಇದನ್ನು ಯಾರು ಭಾಗಿಸಿ ನೋಡಿದರು?" ಎಂದಳು. ಯಾರೂ ಭಾಗಿಸಿಲ್ಲ. ಭಾಗಿಸುತ್ತಾ ಕೂತರೆ ಯಾವ ಕಂಪ್ಯೂಟರಿಗೂ ಮುಗಿಯುವ ಕೆಲಸವಲ್ಲ ಅದು.

2ರ ಘಾತದಿಂದ 1 ಕಳೆದು ಬರುವ ಪ್ರೈಮ್‌ಗಳಿಗೆ ಮರ್ಸೆನ್ ಪ್ರೈಮ್ ಎನ್ನುತ್ತಾರೆ. ಈ ಲೆಕ್ಕ ನಡೆಯುವುದು ಹೀಗೆ ಬರುವ ಸಂಖ್ಯೆಗಳಿಗೆ ಮಾತ್ರ. ಮೊದಲು ಘಾತ ನೋಡಿ. ಅದೇ ಪ್ರೈಮ್ ಅಲ್ಲದಿದ್ದರೆ ಅಲ್ಲಿಗೇ ಬಿಟ್ಟುಬಿಡಿ.

ಈಗ ಘಾತ 7 ತೆಗೆದುಕೊಳ್ಳಿ. 128ರಲ್ಲಿ 1 ಕಳೆದರೆ 127. ನೋಟ್‌ಬುಕ್‌ನಲ್ಲಿ 4 ಎಂದು ಬರೆಯಿರಿ. ಅದರ ವರ್ಗ ಮಾಡಿ, 2 ಕಳೆಯಿರಿ, 127ರಿಂದ ಭಾಗಿಸಿದ ಶೇಷ ಮಾತ್ರ ಇಟ್ಟುಕೊಳ್ಳಿ. ಮತ್ತೆ ಅದನ್ನೇ ಮಾಡಿ. ಎಷ್ಟು ಸಲ? ಘಾತಕ್ಕಿಂತ ಎರಡು ಕಡಿಮೆ, ಅಂದರೆ ಇಲ್ಲಿ 5 ಸಲ. ಶುರುವಿನ 4 ಅನ್ನು ಎಣಿಕೆಗೆ ಸೇರಿಸಬೇಡಿ, ಎಲ್ಲರೂ ತಪ್ಪುವುದು ಅಲ್ಲೇ.

ಶೇಷ ತೆಗೆಯಲೂ ಭಾಗಾಕಾರ ಬೇಡ, ನನಗೆ ತುಂಬಾ ಇಷ್ಟವಾದ ಜಾಗ ಇದು. 127ಕ್ಕೆ 128 ಅಂದರೆ ಬರೀ 1 ಇದ್ದ ಹಾಗೆ, ಅಲ್ವಾ? ಹಾಗಾಗಿ ಸಂಖ್ಯೆಯಲ್ಲಿ ಎಷ್ಟು 128 ಇವೆ ನೋಡಿ, ಉಳಿದದ್ದಕ್ಕೆ ಆ ಎಣಿಕೆಯನ್ನು ಕೂಡಿಸಿದರೆ ಮುಗಿಯಿತು. ಮೊದಲ ಸಲ 14. ಆಮೇಲೆ 194, ಅದರಲ್ಲಿ ಒಂದು 128, ಉಳಿದದ್ದು 66, ಕೂಡಿದರೆ 67. 67ರ ವರ್ಗದಲ್ಲಿ 2 ಕಳೆದರೆ 4487, ಅದರಲ್ಲಿ 35 ಸಲ 128, ಉಳಿದದ್ದು 7, ಒಟ್ಟು 42. ಮುಂದಿನದು 111. ಐದನೇ ಸಲ 12319 ಬರುತ್ತದೆ, 96 ಮತ್ತು 31 ಕೂಡಿದರೆ ಸರಿಯಾಗಿ 127, ಅಂದರೆ ಶೇಷ ಸೊನ್ನೆ. ಘಾತ 2 ಒಂದನ್ನು ಬಿಟ್ಟರೆ, ಕೊನೆಗೆ ಸೊನ್ನೆ ಬಂದರೆ ಅದು ಪ್ರೈಮ್, ಬರದಿದ್ದರೆ ಅಲ್ಲ. ಇದರಲ್ಲಿ ಅಂದಾಜು ಇಲ್ಲ, ಪೂರ್ತಿ ಸಾಬೀತಾದ ಮಾತು.

ಈ ದಾರಿ ತೆರೆದವನು ಫ್ರಾನ್ಸಿನ ಗಣಿತಜ್ಞ ಲೂಕಾ. 1876ರಲ್ಲಿ, ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಘಾತ 127 ಇರುವ 39 ಅಂಕಿಗಳ ಸಂಖ್ಯೆ ಪ್ರೈಮ್ ಎಂದು ತೋರಿಸಿದ. ಅದನ್ನು ಮೇಲಿನಷ್ಟು ಸುಲಭ ಮಾಡಿದವನು ಅಮೆರಿಕದ ಲೆಹ್ಮರ್. 2024ರ ಆ ಸಂಖ್ಯೆಯನ್ನು ಕೊನೆಗೆ ಖಚಿತ ಮಾಡಿದ್ದೂ ಇದೇ ಲೆಕ್ಕದಿಂದ, ಅದೇ 4ರಿಂದ ಶುರು ಮಾಡಿ.

ಇನ್ನು ಘಾತ 11 ನೀವೇ ಮಾಡಿ. ಸಂಖ್ಯೆ 2047, 128ರ ಜಾಗದಲ್ಲಿ 2048, ಒಟ್ಟು 9 ಸಲ. ಕೂಡಿದ್ದು 2047 ದಾಟಿದರೆ ಅದರಿಂದ 2047 ಕಳೆಯಿರಿ. ಕೊನೆಗೆ 1736 ಬಂದರೆ ಲೆಕ್ಕ ಸರಿ, ಮತ್ತು 2047 ಪ್ರೈಮ್ ಅಲ್ಲ. ಅದು 23 ಮತ್ತು 89ರ ಗುಣಲಬ್ಧ.