ಹಿಸ್ಟರಿ ನೋಡೋದು ಬಿಟ್ಟ ಮೇಲೇ ಮಕ್ಕಳು ಬಾಯಿಬಿಟ್ಟರು

ನಮ್ಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಅಂದರೆ ಊರಿನ ಗ್ರಂಥಾಲಯಕ್ಕೆ, ಕಂಪ್ಯೂಟರ್ ಬಂದಾಗ ಸದಸ್ಯರು ಕೇಳಿದ್ದು ಒಂದೇ: "ಹುಡುಗ್ರು ಏನ್ ನೋಡ್ತಾರೆ ಅಂತ ಗೊತ್ತಾಗುತ್ತಲ್ವಾ ಮೇಡಂ?" ಅದಕ್ಕೇ ಮೂರು ಸಾವಿರದ ಹತ್ತಿರ ಸುರಿದು ನಿಗಾ ಸಾಫ್ಟ್‌ವೇರ್ ಹಾಕಿಸಿದೆವು. ತೆರೆದ ಪುಟವೆಲ್ಲ ನನ್ನ ಮೊಬೈಲಿಗೆ ಬರುತ್ತಿತ್ತು. ತಿಂಗಳೊಳಗೆ ಎಸ್ಸೆಸ್ಸೆಲ್ಸಿ ಹುಡುಗಿಯರು ಬರೋದೇ ಬಿಟ್ಟರು. ಹುಡುಗರು ಹೊರಗೆ ಕಟ್ಟೆ ಮೇಲೆ ಅಣ್ಣಂದಿರ ಫೋನ್ ಹಿಡಿದು ಕೂತರು. ಪದ ನೋಡಿ ತಡೆಯುವ ಫಿಲ್ಟರಂತೂ ಹತ್ತನೇ ತರಗತಿಯ ಸಂತಾನೋತ್ಪತ್ತಿ ಪಾಠವನ್ನೇ ತಡೆಯಿತು!

ಚಂದಾ ಮುಗಿದಾಗ ಮತ್ತೆ ಕಟ್ಟಲಿಲ್ಲ. ರೌಟರಿನ ಡಿಎನ್‌ಎಸ್‌ಗೆ (ತಾಣದ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ಸೇವೆ) ಕ್ಲೌಡ್‌ಫ್ಲೇರ್ ಕಂಪನಿಯ 1.1.1.3 ಹಾಕಿದೆ. ಬಿಟ್ಟಿ. ಅಶ್ಲೀಲ ತಾಣಗಳನ್ನು ತಡೆಯುತ್ತೆ, ಯಾವ ಮಗು ಏನು ಹುಡುಕಿತು ಅಂತ ನನಗೆ ಚಾಡಿ ಹೇಳಲ್ಲ. ಸಿಸಿಟಿವಿ ಇಡಿ ಎಂದವರಿಗೆ 2017ರ ಸುಪ್ರೀಂ ಕೋರ್ಟ್ ತೀರ್ಪು ತೋರಿಸಿದೆ. ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿಸಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಅರ್ಜಿ. "ಮಕ್ಕಳಿಗೆ ಎಂಥದ್ದು ಖಾಸಗಿ?" ಅಂದರು. ಮಕ್ಕಳಿಗೂ ಖಾಸಗಿತನದ ಹಕ್ಕಿದೆ ಅನ್ನೋ, ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿ ಓದಿದೆ, ಭಾರತ 1992ರಲ್ಲೇ ಒಪ್ಪಿದ್ದು. ಸುಮ್ಮನಾದರು, ಒಪ್ಪಲಿಲ್ಲ.

ಆಮೇಲೆ ಗೋಡೆಗೆ ಚೀಟಿ ಅಂಟಿಸಿದೆ: ನನಗೆ ಹೇಳಿದ್ದಕ್ಕೆ ಯಾರ ಫೋನೂ ಕಿತ್ತುಕೊಳ್ಳಲ್ಲ, ಆದರೆ ಲೈಂಗಿಕ ಕಿರುಕುಳವಾದರೆ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಕಾಯ್ದೆ) ಪ್ರಕಾರ ನಾನು ಪೊಲೀಸರಿಗೆ ತಿಳಿಸಲೇಬೇಕು. ಎರಡನೇ ಸಾಲು ಹೆದರಿಸುತ್ತೆ ಅಂತ ಎಲ್ಲರೂ ಅಂದರು. ಮೊದಲೇ ಹೇಳಿದ್ದಕ್ಕೇ ಮಕ್ಕಳು ನಂಬಿದ್ದು.

ಮೊದಲ ದೊಡ್ಡ ವಿಷಯ ಬಂದಿದ್ದು ಮಗುವೊಂದರ ಬೆತ್ತಲೆ ಫೋಟೊ ಹಿಡಿದು ಯಾರೋ ಬೆದರಿಸಿದ್ದು. ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ಫೋನ್ ಮಾಡಿತು, ನಾನು ಪಕ್ಕದಲ್ಲಿದ್ದೆ. ಮಕ್ಕಳ ಅಂಥ ಚಿತ್ರ ಹರಡದಂತೆ ತಡೆಯಲು ನೆರವಾಗುವ 'ಟೇಕ್ ಇಟ್ ಡೌನ್' ತಾಣ ಬಳಸಿದೆವು: ಚಿತ್ರ ಫೋನ್ ಬಿಟ್ಟು ಹೋಗಲ್ಲ, ಅದರ ಹ್ಯಾಶ್ (ಚಿತ್ರದ ಬೆರಳಚ್ಚಿನಂಥ ಅಂಕಿ-ಅಕ್ಷರಗಳ ಗುರುತು) ಮಾತ್ರ ಹೋಗುತ್ತೆ, ಇನ್‌ಸ್ಟಾಗ್ರಾಂನಂಥವು ಅದನ್ನಿಟ್ಟುಕೊಂಡು ತಡೆಯುತ್ತವೆ. ವಾಟ್ಸಾಪಿನ ಖಾಸಗಿ ಚಾಟ್‌ಗೆ ಇದು ನಡೆಯಲ್ಲ, ಅದಕ್ಕೆ ಸೈಬರ್ ದೂರೇ ಗತಿ. ಆ ಚಿತ್ರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ ಅಂತ ಹೇಳಬೇಡಿ, ಮಗುವಿನ ಅಂಥ ಚಿತ್ರ ಇಟ್ಟುಕೊಳ್ಳೋದೂ ಅಪರಾಧವೇ. ಲಿಂಕು, ಐಡಿ, ಹೊತ್ತು ಬರೆದಿಡಿ. ಈಗ ತಿಂಗಳಿಗೆ ನಾಲ್ಕೈದು ಮಕ್ಕಳಾದರೂ ತಾವಾಗಿ ಬರುತ್ತವೆ, ಹೆಚ್ಚಿನವು ನಕಲಿ ಖಾತೆಯ ತಂಟೆ.

ಬಾಯಿಬಿಡಿಸಲು ಕೇಳುವ ಮೊದಲ ಪ್ರಶ್ನೆ ಯಾವುದು ಅಂತ ಮಾತ್ರ ಬರೆಯಲ್ಲ, ನಮ್ಮೂರ ಮಕ್ಕಳೂ ಇದನ್ನು ಓದುತ್ತವೆ.

ಇನ್ನೊಂದು ಪ್ರಯೋಗ: ವೆಬ್‌ಕ್ಯಾಮ್ ಕಣ್ಣು ಮುಚ್ಚೋಕೆ ಬಿಂದಿ. ಹತ್ತು ರೂಪಾಯಿ ಪ್ಯಾಕೆಟ್ಟು ವರ್ಷ ಬಂತು. ಈ ಹೊಸ ಏರ್ಪಾಟಿನಲ್ಲಿ ದೊಡ್ಡ ಖರ್ಚು ರೌಟರ್, ಸಾವಿರದ ಎಂಟುನೂರೋ ಏನೋ. ಪಕ್ಕದ ಪಂಚಾಯಿತಿಯವರು ಮೊನ್ನೆ ಗೋಡೆಯ ಆ ಚೀಟಿಯ ಜೆರಾಕ್ಸ್ ಕೇಳೋಕೆ ಬಂದರು, ಎರಡನೇ ಸಾಲು ಬಿಟ್ಟು ಹಾಕ್ತೀವಿ ಅಂದರು. ಹಾಗಾದರೆ ಕೊಡಲ್ಲ ಅಂದೆ, ಈಗ ಪೂರ್ತಿ ಹಾಕಿದ್ದಾರೆ.